ಜಮೀಲಕ್ಕನ ಜೊತೆ ಕಂಡ ರಾಜಧಾನಿ

ನೀರು ಚಿಮುಕಿಸಿದ ಸೇವಂತಿಗೆಯ ವಾಸನೆಗೆ ಬಸ್ಸಿನ ಹೊಗೆ ಬೆರೆತರೆ ಸಾಕು, ನನಗೆ ಮೊದಲ ಸಲ ಕಂಡ ಬೆಂಗಳೂರು ನೆನಪಾಗುತ್ತದೆ. ಅದರ ಹಿಂದೆಯೇ ಕಾಪುವಿನ ನಮ್ಮ ಹಂಚಿನ ಮನೆ, ಜಗಲಿಯ ಕಂಬಕ್ಕೆ ಒರಗಿ ನೆರೆಮನೆಯ ಹುಡುಗಿಯರಿಗೆ ಕಸೂತಿ ಕಲಿಸುತ್ತಿದ್ದ ಜಮೀಲಕ್ಕ. ನಿಮಗೂ ಅಂಥದೊಂದು ಜಗಲಿ ಇದ್ದಿರಬಹುದು. ನಮ್ಮದರ ಮೇಲೆ ಈಗ ಹೆದ್ದಾರಿ ಹಾದುಹೋಗಿದೆ.

ಎಂಬತ್ತರ ದಶಕದ ಆರಂಭ. ನಮ್ಮ ತಂದೆ, ಉಪ್ಪ, ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದರು. ನಾನು ಉಡುಪಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅಕ್ಕನ ಹೃದಯವನ್ನು ಕೆಡಿಸಿ ಹೋಗಿತ್ತು. ಒಂದು ಕೊಡ ನೀರು ಸೇದಿದರೂ ಅವಳ ತುಟಿ ನೀಲಿಯಾಗುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಮಣಿಪಾಲದಲ್ಲಿ ಹೇಳಿದರು. ತಾಯಿ, ಉಮ್ಮನಿಗೂ ಅಕ್ಕನಿಗೂ ಬ್ಯಾರಿ, ತುಳು ಬಿಟ್ಟರೆ ಬೇರೆ ಮಾತು ಬಾರದು. ಮಾತಾಡಲು ನಾನು ಹೊರಟೆ. ಅಕ್ಕ ಪೆರ್ನಾಲಿಗೆ, ಈದ್ ಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟಳು. ಬೆಳಿಗ್ಗೆ ಬಸ್ಸಿಳಿದಾಗ ಸೇವಂತಿಗೆಯ ಬುಟ್ಟಿಗಳು, ಅಗಲವಾದ ರಸ್ತೆ, ವಾಲಿಕೊಂಡು ತಿರುಗುವ ಎರಡಂತಸ್ತಿನ ಬಸ್ಸು, ಎಲ್ಲಿಗೋ ತಡವಾದವರಂತೆ ನಡೆಯುವ ಜನ. ನೀವು ಯಾರ ಮನೆಯವರು ಎಂದು ಯಾರೂ ಕೇಳಲಿಲ್ಲ. ನನ್ನ ಪುಸ್ತಕದ ಕನ್ನಡ ಕೇಳಿ ಆಟೋದವನು, "ಮಂಗಳೂರಾ?" ಎಂದು ನಕ್ಕ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಅಕ್ಕನನ್ನು ಹೊರಗೆ ಕೂರಿಸಿ ಬರಲು ಹೇಳಿ, ಆಮೇಲೆ ನನ್ನೊಡನೆ, "ತುಂಬಾ ತಡವಾಯ್ತಪ್ಪ. ಆಪರೇಷನ್ ತಡ್ಕೊಳ್ಳೋ ಶಕ್ತಿ ಅವಳಿಗಿಲ್ಲ. ಊರಿಗೆ ಕರ್ಕೊಂಡು ಹೋಗಿ," ಎಂದರು. ಉಮ್ಮ ನನ್ನ ತೋಳು ಹಿಡಿದುಕೊಂಡೇ ಕುಳಿತಿದ್ದರು. "ಎಂತ ಮದ್ದು ಕೊಡುತ್ತಾರಂತೆ?" ಎಂದು ನಮ್ಮ ಮಾತಿನಲ್ಲಿ ಕೇಳಿದರು. ಮದ್ದಿಲ್ಲ ಎಂಬುದನ್ನು ಬ್ಯಾರಿಯಲ್ಲಿ ಹೇಳಬೇಕಾಯಿತು. ಅದುವರೆಗೆ ಆ ಭಾಷೆಯಲ್ಲಿ ನಾನು ಉಮ್ಮನ ಬಳಿ ಕೇಳಿದ್ದು ಊಟ, ಬಟ್ಟೆ, ಬಸ್ಸಿನ ಚಿಲ್ಲರೆ ಮಾತ್ರ.

ಹೊರಗೆ ಬೆಂಚಿನ ಮೇಲಿದ್ದ ಅಕ್ಕ ನಮ್ಮ ಮುಖ ನೋಡಿ ಎದ್ದು ನಿಂತಳು. "ಬಸ್ಸಿಗೆ ಇನ್ನೂ ಹೊತ್ತುಂಟಲ್ಲ? ವಿಧಾನಸೌಧ ನೋಡಿ ಹೋಗುವ," ಎಂದಳು. ಅದರ ಎದುರು ಬೇಲಿಯ ಸರಳು ಹಿಡಿದು ಏದುಸಿರು ಬಿಡುತ್ತಾ ಬಹಳ ಹೊತ್ತು ನಿಂತಳು. "ಇಷ್ಟನ್ನು ದಿನಾ ಗುಡಿಸುವುದು ಯಾರು ಮಾರಾಯ?" ಎಂದಳು. ಉಮ್ಮ ನಗಲು ಹೋಗಿ ಅತ್ತುಬಿಟ್ಟರು. "ಅಳಬೇಡ ಉಮ್ಮ, ಜನ ನೋಡುತ್ತಾರೆ," ಎಂದು ಅಕ್ಕ ತನ್ನ ಸೆರಗಿನಿಂದ ಅವರ ಮುಖ ಒರೆಸಿದಳು. ಯಾರೂ ನೋಡುತ್ತಿರಲಿಲ್ಲ.

ಮಳೆ ಹಿಡಿಯುವ ಮೊದಲೇ ಅಕ್ಕ ತೀರಿಕೊಂಡಳು. ಕಸೂತಿಯ ಹುಡುಗಿಯರು ಬರುವುದನ್ನು ಬಿಟ್ಟರು. ಉಮ್ಮ ಮನೆಗೆ ಬೀಗ ಹಾಕಿ ಕಾರ್ಕಳದ ನನ್ನ ಸೋದರಮಾವನ ಮನೆ ಸೇರಿದರು. ಉಪ್ಪನಿಗೆ ರಜೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಬಂದ ಸಂಜೆ ನನ್ನನ್ನು ಕಾಪುವಿನ ಕಡಲ ಬದಿಗೆ ಕರೆದುಕೊಂಡು ಹೋಗಿ ಮರಳಿನ ಮೇಲೆ ಕುಳಿತರು. "ಬೆಂಗಳೂರು ಹೇಗುಂಟು?" ಎಂದು ಕೇಳಿದರು.

"ದೊಡ್ಡ ಊರು ಉಪ್ಪ," ಎಂದೆ.

"ಹೌದಾ," ಎಂದರು. ಆಮೇಲೆ ಬದುಕಿರುವವರೆಗೂ ಆ ಪ್ರಯಾಣದ ಬಗ್ಗೆ ಅವರು ಮತ್ತೇನನ್ನೂ ಕೇಳಲಿಲ್ಲ.