ಹಿಂದೆ ಕೂರಲೊಬ್ಬ ಬೇಕು

ಹೊಸ ಗ್ರೀಸ್ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆಯನ್ನು ಯಾರೂ ಸುವಾಸನೆ ಎಂದದ್ದನ್ನು ನಾನು ಕೇಳಿಲ್ಲ. ಆದರೂ ಕಳೆದ ಭಾನುವಾರ ಬೆಳಿಗ್ಗೆ, ಯಲ್ಲಾಪುರದ ನನ್ನ ಬಾಡಿಗೆ ಮನೆಯ ಅಂಗಳದಲ್ಲಿ, ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ಕೂತಿದ್ದೆ. ಎದುರು ಮನೆಯ ಅಜ್ಜಿ ಬೇಲಿಯಾಚೆಯಿಂದ, "ಡಾಕ್ಟ್ರೇ, ಅದೆಂತ ಮುಲಾಮು?" ಎಂದರು. ನಾನು ದನದ ಡಾಕ್ಟರು. ನನ್ನ ಕೈಯಲ್ಲಿರುವುದೆಲ್ಲ ಅಜ್ಜಿಗೆ ಮುಲಾಮೇ.

ಮುಲಾಮು ಬೇಕಾಗಿದ್ದುದು ನನ್ನ ಹಳೆಯ ಡರ್ಟ್ ಬೈಕಿಗೆ. ಬ್ರೇಕ್ ಹಿಡಿದರೆ ಮುಂದೆ ಕಟಕ್ ಎನ್ನುತ್ತಿತ್ತು. ಹ್ಯಾಂಡಲ್ ತಿರುಗಿಸಿದರೆ ನಟ್ಟನಡುವೆ ಗುಂಡಿಗೆ ಬಿದ್ದಂತೆ ತಡೆದು ನಿಲ್ಲುತ್ತಿತ್ತು. ಗ್ಯಾರೇಜಿನವರು ಇದಕ್ಕೆ ಕೋನ್‌ಸೆಟ್ ಹೋಗಿದೆ ಎನ್ನುತ್ತಾರೆ. ಹ್ಯಾಂಡಲಿನ ಕುತ್ತಿಗೆಯೊಳಗೆ ಮೇಲೊಂದು, ಕೆಳಗೊಂದು ಉಕ್ಕಿನ ಬಟ್ಟಲು. ಅವುಗಳಲ್ಲಿ ಸಾಲಾಗಿ ಗೋಲಿಗಳು. ಕಲ್ಲುದಾರಿಯ ಪೆಟ್ಟು ತಿಂದು ತಿಂದು ಗೋಲಿಗಳು ಕೂತಲ್ಲೇ ಗುಳಿ ತೋಡಿಕೊಳ್ಳುತ್ತವೆ, ಆಮೇಲೆ ಆ ಗುಳಿ ಬಿಟ್ಟು ಬರಲು ಒಪ್ಪುವುದಿಲ್ಲ. ಐವತ್ತು ದಾಟಿದ ಒಂಟಿ ಗಂಡಸರಿಗೂ ಇದೇ ಕಾಯಿಲೆ. ಅವರಿಗೆ ಮಾತ್ರ ಬಿಡಿಭಾಗ ಸಿಗುವುದಿಲ್ಲ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ, ಆದರೆ ಇಬ್ಬರು ಬೇಕು. ಈ ಬೈಕಿಗೆ ನಡು ಸ್ಟ್ಯಾಂಡ್ ಇಲ್ಲ. ಇಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು, ಹಿಂದಿನ ತುದಿಯಲ್ಲಿ ಒಬ್ಬ ಕೂತರೆ ಮುಂದಿನ ಗಾಲಿ ಮೇಲೇಳುತ್ತದೆ. ಆಗ ಇನ್ನೊಬ್ಬ ಮೇಲಿನ ನಟ್ಟನ್ನು ಬಿಗಿ ಮಾಡಬೇಕು. ಸಡಿಲವಾದರೆ ಕಟಕ್. ಬಿಗಿ ಹೆಚ್ಚಾದರೆ ಹ್ಯಾಂಡಲ್ ಸೆಟೆದುಕೊಂಡು, ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ. ಕೈಬಿಟ್ಟರೆ ಹ್ಯಾಂಡಲ್ ತಾನಾಗಿಯೇ ಮೆಲ್ಲಗೆ ಒಂದು ಬದಿಗೆ ವಾಲಬೇಕು, ಅದೇ ಹದ. ಮದುವೆಯಾಗದೆ ಉಳಿದದ್ದಕ್ಕೆ ನನಗೆ ಅಂಥ ಬೇಸರವೇನಿಲ್ಲ, ಕೋನ್‌ಸೆಟ್ ಹಾಕುವ ದಿನವೊಂದು ಬಿಟ್ಟು. ಭಾನುವಾರ ಹಿಂದಿನ ಸೀಟಿನಲ್ಲಿ ಐವತ್ತು ಕಿಲೋದ ಹಿಂಡಿ ಚೀಲ ಕೂರಿಸಿದ್ದೆ. ಚೀಲ ಅಲುಗಾಡುವುದಿಲ್ಲ, ಮಾತೂ ಆಡುವುದಿಲ್ಲ.

ಅಲ್ಲಿ ಕೂರಬೇಕಾದವನು ಶ್ರೀಪಾದ.

ಆಗ ನಾನು ಶಿರಸಿಯಲ್ಲಿದ್ದೆ. ಅವನು ಸಿದ್ದಾಪುರದ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರು. ಅವನ ಶಾಲೆಗೂ ನನ್ನ ದನಗಳಿಗೂ ಇದ್ದದ್ದು ಕಾಡುದಾರಿ. ಇಬ್ಬರೂ ಸೇರಿ ಈ ಬೈಕನ್ನು ಪಾಲಿನಲ್ಲಿ ಕೊಂಡೆವು. ಹದಿನೈದು ದಿನ ಅವನ ಹತ್ತಿರ, ಹದಿನೈದು ದಿನ ನನ್ನ ಹತ್ತಿರ. ಕೆಸರಿರಲಿ, ಜಲ್ಲಿಯಿರಲಿ, ಅವನು ಗಾಡಿ ಓಡಿಸುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು. ಬಿಚ್ಚಿ ಜೋಡಿಸುವ ಕೆಲಸ ನನ್ನದು, ಕೂರುವ ಕೆಲಸ ಅವನದು. ಬನವಾಸಿ ಕಡೆಯವನಾದ ನನ್ನ ಜೊತೆ ಮೊದಮೊದಲು ಶಾಲೆಯ ಕನ್ನಡದಲ್ಲಿ ಮಾತಾಡುತ್ತಿದ್ದವನು, ಸಲಿಗೆ ಬೆಳೆದ ಮೇಲೆ ತನ್ನ ಮನೆಮಾತಿಗೇ ಇಳಿದುಬಿಟ್ಟಿದ್ದ; 'ನಾನು' ಹೋಗಿ 'ಆನು' ಬಂದಿತ್ತು.

"ಲೇ ಮಾಸ್ತರಾ, ಅಲಗ್ಯಾಡಬ್ಯಾಡ, ಸುಮ್ನ ಕುಂದರು" ಎಂದು ನಾನು ಅಂದರೆ, "ಆನು ಕೂತ್ರೇ ಇದ್ರ ತಲೆ ಮೇಲೆ ಏಳ್ತು ನೋಡು! ಎಂತಕ್ಕೂ ಉಪಯೋಗ ಇಲ್ಲೆ ಹೇಳಿ ಯಾರು ಹೇಳಿದ್ದು?" ಎಂದು ಇನ್ನಷ್ಟು ಕುಣಿಯುತ್ತಿದ್ದ.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ನಾವು ಕೋನ್‌ಸೆಟ್ ಬಿಚ್ಚಿ ಹೊಸ ಗ್ರೀಸ್ ತುಂಬುತ್ತಿದ್ದೆವು. ಹನ್ನೊಂದು ವರ್ಷದ ಹಿಂದೆ ಒಂದು ಸಲ, ಬಾಳಿಕೆ ಬರಲಿ ಎಂದು ನಟ್ಟಿಗೆ ಅರ್ಧ ಸುತ್ತು ಹೆಚ್ಚಿಗೆ ಕೊಟ್ಟೆ. ಮರುದಿನ ಪೂಜೆಯಾಯಿತು. ಗಾಲಿಯಡಿಗೆ ನಿಂಬೆಹಣ್ಣು ಇಡಲು ಗಾಡಿ ಸರಿಸುವಾಗ ಹ್ಯಾಂಡಲ್ ಸೆಟೆದದ್ದು ಕೈಗೆ ತಿಳಿಯಿತು. ಬಸಿರು ಹಸುವಿನ ಹೊಟ್ಟೆಯೊಳಗೆ ಕರು ಹೇಗೆ ಮಲಗಿದೆ ಎಂದು ಕಾಣದೆಯೇ ಹೇಳುವ ಕೈ ಇದು, ತಿಳಿಯದೆ ಇರುತ್ತದೆಯೇ? ಆದರೆ ನಟ್ಟು ತಿರುಗಿಸುವ ಪಾನ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ನಡುವೆ ಮಲಗಿತ್ತು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು. ನಾಳೆ ಸಡಿಲಿಸಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಶ್ರೀಪಾದ, "ಪೂಜೆ ಆದ ಗಾಡಿ ಒಂದು ಸುತ್ತು ಓಡವು. ಆನು ಸೋಂದೆವರೆಗೆ ಹೋಗಿ ಬರ್ತೆ" ಎಂದು ಕಿಕ್ ಹೊಡೆದ.

ನಿಲ್ಲು ಎನ್ನಬಹುದಿತ್ತು. ಅಕ್ಕಪಕ್ಕದವರೆಲ್ಲ ಪ್ರಸಾದಕ್ಕೆ ನಿಂತಿದ್ದರು. ಅವರೆದುರು ನನ್ನ ಕೈ ತಪ್ಪಿತು ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಶಾಸ್ತ್ರದ ಮೇಲೆ ಹಾಕುವುದು ಸುಲಭ; ನನ್ನನ್ನು ತಡೆದದ್ದು ಶಾಸ್ತ್ರಕ್ಕಿಂತ ಹೆಚ್ಚಾಗಿ ಜಂಬ.

ಸೋಂದೆಗೆ ಮೊದಲಿನ ತಿರುವಿನಲ್ಲಿ ಅವನು ಬಿದ್ದ. ಮಣಿಕಟ್ಟು ಮುರಿಯಿತು, ಮಂಡಿ ಒಡೆಯಿತು. ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ, "ಗಾಡಿದು ಎಂತೂ ತಪ್ಪಿಲ್ಲೆ ಮಾರಾಯಾ, ಆನೇ ಎತ್ಲಾಗೋ ನೋಡ್ತಾ ಇದ್ದಿದ್ದಿ" ಎಂದ. ನಾನು ತಲೆಯಾಡಿಸಿದೆ. ಮರುದಿನ ಗಾಡಿ ಅಂಗಳಕ್ಕೆ ಬಂದಾಗ, ಯಾರೂ ಇಲ್ಲದ ಹೊತ್ತು ನೋಡಿ, ಆ ಅರ್ಧ ಸುತ್ತನ್ನು ಸಡಿಲಿಸಿದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಅವನು ಮತ್ತೆ ಬೈಕ್ ಹತ್ತಲಿಲ್ಲ. "ನೀನೇ ಇಟ್ಗ" ಎಂದು ತನ್ನ ಪಾಲನ್ನೂ ಬಿಟ್ಟುಕೊಟ್ಟ. ನಾನು ಯಲ್ಲಾಪುರಕ್ಕೆ ವರ್ಗ ಮಾಡಿಸಿಕೊಂಡೆ. ಅವನ ಫೋನು ಬಂದಾಗಲೆಲ್ಲ ಯಾವುದೋ ಹಸು ಕಷ್ಟದಲ್ಲಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಅಷ್ಟು ಹಸುಗಳು ಈ ತಾಲೂಕಿನಲ್ಲೇ ಇಲ್ಲ. ಒಬ್ಬ ಗೆಳೆಯನನ್ನು ಹೀಗೂ ಕಳೆದುಕೊಳ್ಳಬಹುದು, ಜಗಳವಿಲ್ಲದೆ.

ಭಾನುವಾರ ಹೊಸ ಬಟ್ಟಲು, ಹೊಸ ಗೋಲಿ ಎಲ್ಲ ಕೂರಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿಟ್ಟು ಪಾನ ಕೈಗೆತ್ತಿಕೊಂಡೆ. ಎಷ್ಟು ಬಿಗಿ ಮಾಡಲಿ ಎಂದು ಕೇಳಲು ತಲೆಯೆತ್ತಿದರೆ ಹಿಂಡಿ ಚೀಲ. ನನಗೆ ಅಳು ಬಂತು. ಗ್ರೀಸ್ ಕೈಯಲ್ಲೇ ಶ್ರೀಪಾದನಿಗೆ ಫೋನ್ ಮಾಡಿದೆ.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಅರ್ಧ ಸುತ್ತು, ಕುಂಕುಮದ ಪಾನ, ಆಮೇಲೆ ಕದ್ದು ಸಡಿಲಿಸಿದ್ದು. ಆಮೇಲೆ ಅವನು ಹೊಸಬರೊಡನೆ ಆಡುವ ಶಾಲೆಯ ಕನ್ನಡದಲ್ಲಿ ಹೇಳಿದ: "ಮಗಳು ಸ್ಕೂಟಿ ಕಲಿಸು ಅಂತ ಎಷ್ಟು ಸಲ ಕೇಳಿದಳು. ನನ್ನ ಕೈಯೇ ಸರಿ ಇಲ್ಲ, ಇನ್ನೊಬ್ಬರಿಗೆ ಏನು ಕಲಿಸೋದು ಅಂತ ಬಿಟ್ಟೆ. ಬಿದ್ದದ್ದು ನನ್ನ ತಪ್ಪಿನಿಂದಲೇ ಅಂತ ಹನ್ನೊಂದು ವರ್ಷ ತಿಳಿದಿದ್ದೆ."

"ಶ್ರೀಪಾದಾ, ತಪ್ಪಾತೋ" ಎಂದೆ.

ಅವನು ಕೇಳಿದ, "ಈಗ ಎಷ್ಟು ಬಿಗಿ ಮಾಡಿದ್ದೆ?"

"ಇನ್ನೂ ಮಾಡಿಲ್ಲ."

"ಮಾಡಡ. ಹಾಂಗೇ ಇಡು" ಎಂದವನೇ ಫೋನ್ ಇಟ್ಟುಬಿಟ್ಟ. ಮಾಡಡ ಎಂದರೆ ಮಾಡಬೇಡ. ಅದು ಮನೆಮಾತು.

ಬರುತ್ತೇನೆ ಎನ್ನಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಇಂದಿಗೆ ನಾಲ್ಕು ದಿನವಾಯಿತು. ಹಳ್ಳಿಗಳಿಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ನಡೆದು ಹೋಗುತ್ತಿದ್ದೇನೆ. ಹಿಂಡಿ ಚೀಲವನ್ನು ಭಾನುವಾರವೇ ಇಳಿಸಿದೆ. ಸಿದ್ದಾಪುರದ ಕಡೆಯಿಂದ ಬರುವವರು ಶಿರಸಿಯಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬರುವಾಗ ಹೆಚ್ಚುಕಡಿಮೆ ಮಧ್ಯಾಹ್ನವಾಗುತ್ತದೆ, ಆ ಹೊತ್ತಿಗೆ ನಾನು ಅಂಗಳದಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಪಾನವನ್ನು ಸೀಟಿನ ಮೇಲೆ ಇಟ್ಟಿದ್ದೇನೆ. ಮುಟ್ಟಿಲ್ಲ.