ಎರಡು ಹೊತ್ತು ನೋಡಿ ಕೊಂಡ ಸಿಮ್

ಶಿವಲಿಂಗಮ್ಮನವರನ್ನು ನಾನು ಮೊದಲು ನೋಡಿದ್ದು 2007ರ ಜೂನ್ ತಿಂಗಳ ಒಂದು ಗುರುವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ. ಬಿ.ಕಾಂ. ಮುಗಿಸಿ ಚನ್ನಪಟ್ಟಣ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ನನಗೆ ಮೂರು ತಿಂಗಳಾಗಿತ್ತು. ಬೈರಾಪಟ್ಟಣದ ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವನು ನಾನೊಬ್ಬನೇ. ಪ್ರತಿ ಕಂಪನಿಯ ಪ್ಲಾನನ್ನೂ ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ.

ಅವರು ಬಾಗಿಲ ಹೊರಗೇ ಚಪ್ಪಲಿ ಬಿಟ್ಟರು. ಹಾಕಿಕೊಂಡೇ ಬನ್ನಿ ಎಂದೆ. "ಗಾಜೆಲ್ಲ ಮಡಗಿದ್ದೀರ, ಮಣ್ಣಾಯ್ತದೆ" ಎಂದು ಬರಿಗಾಲಲ್ಲೇ ಒಳಗೆ ಬಂದರು. ವಯಸ್ಸು ನಲವತ್ತೈದರ ಆಸುಪಾಸು. ಬೆರಳ ತುದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಪ್ಪು ಕಲೆ, ಸೆರಗಿಗೆ ಅಂಟಿಕೊಂಡ ಒಂದೆರಡು ರೇಷ್ಮೆ ಎಳೆ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಮಡಿಸಿಟ್ಟಿದ್ದ ಮೂರು ಕರಪತ್ರಗಳನ್ನು ತೆಗೆದು ಗಾಜಿನ ಮೇಲೆ ಹರಡಿದರು. ಮೂರೂ ಬೇರೆ ಬೇರೆ ಕಂಪನಿಯವು. ಹಳ್ಳಿಯ ಗಿರಾಕಿಗಳು ಕಂಪನಿಯ ಹೆಸರು ಹೇಳುತ್ತಿರಲಿಲ್ಲ, ಬೋರ್ಡಿನ ಬಣ್ಣ ಹೇಳುತ್ತಿದ್ದರು. ನಾನೂ ಇಲ್ಲಿ ಹಸಿರು, ಬಿಳಿ, ನೇರಳೆ ಎಂದೇ ಬರೆಯುತ್ತೇನೆ.

"ಮೂರರಲ್ಲೂ ಎಷ್ಟ್ ಬೇಕಾದ್ರೂ ಮಾತಾಡಿ ಅಂತ ಬರೆದವ್ರಂತೆ. ಯಾವ್ದು ನಿಜ ಹೇಳಪ್ಪ" ಎಂದರು.

ಯಾರ ಜೊತೆ ಮಾತಾಡಲು ಎಂದು ಕೇಳಿದಾಗ ವಿಷಯ ಹೊರಬಿತ್ತು. ಅವರ ಮಗಳು ದಿವ್ಯಳಿಗೆ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾರಿನ ವೈರುಗಳನ್ನು ಜೋಡಿಸುವ ಕೆಲಸ ಸಿಕ್ಕಿತ್ತು. ಸೋಮವಾರ ಸೇರದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು. ವಾಪಸ್ ಬರುವಾಗ ಅವಳು ವಿರೂಪಾಕ್ಷಿಪುರದ ಹತ್ತಿರ ಬಸ್ಸಿಳಿಯುವುದು ಸಂಜೆ ಏಳೂಕಾಲಿಗೆ. ಅಲ್ಲಿಂದ ಅವರ ಊರಿಗೆ ಇಪ್ಪತ್ತೈದು ನಿಮಿಷದ ಕಾಲುದಾರಿ, ನಡುವೆ ಮನೆಯೆತ್ತರದ ಬಂಡೆ. ಹಿಂದಿನ ಚಳಿಗಾಲದಲ್ಲಿ ಆ ಬಂಡೆಯ ಪಕ್ಕದಲ್ಲೇ ಚಿರತೆ ನಾಯಿಯೊಂದನ್ನು ಹೊತ್ತೊಯ್ದಿತ್ತು. ತಂದೆ ತಿಮ್ಮಯ್ಯ ತೆಂಗಿನ ಮರದಿಂದ ಬಿದ್ದು ಕಾಲು ಊನ ಮಾಡಿಕೊಂಡಿದ್ದರು. ಶಿವಲಿಂಗಮ್ಮನವರಿಗೆ ಆ ಹೊತ್ತಿಗೆ ಸರಿಯಾಗಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕಬೇಕು. ದಿನಾ ಕರೆದುಕೊಂಡು ಬರುವವರಿಲ್ಲ.

"ಬಸ್ಸಿಳಿದಲ್ಲಿಂದ ಹೊಸ್ಲು ತುಳಿಯೋಗಂಟ ಅವಳ ಮಾತು ಕಿವಿಗೆ ಬೀಳ್ತಿದ್ರೆ ಕಳಿಸ್ತೀನಿ, ನಡುವೆ ಒಂದ್ಸಲ ಕಟ್ಟಾದ್ರೂ ಇಲ್ಲ ಅಂದವ್ರೆ ನಮ್ಮನೆಯವರು. ಕೆಲಸ ಬುಡಿಸಿ ಮದುವೆ ಮಾಡಕ್ಕೆ ಅವ್ರಿಗೆ ಇದೊಂದು ನೆಪ."

ಆಗ ನಿಮಿಷಕ್ಕೆ ಒಂದು ರೂಪಾಯಿಯ ಕಾಲ. ದಿನಕ್ಕೆ ಇಪ್ಪತ್ತೈದು ನಿಮಿಷ ಮಾತಾಡಿದರೆ ದಿವ್ಯಳ ಸಂಬಳದಲ್ಲಿ ಕಾಲುಭಾಗ ಗಾಳಿಗೆ ಹೋಗುತ್ತಿತ್ತು. ನಾನು ಧೈರ್ಯವಾಗಿ ಹಸಿರು ಕರಪತ್ರದ ಮೇಲೆ ಬೆರಳಿಟ್ಟೆ. ತಿಂಗಳಿಗೊಮ್ಮೆ ಬಾಡಿಗೆ ಕಟ್ಟಿದರೆ ಮಾತಿಗೆ ಬೇರೆ ದುಡ್ಡಿಲ್ಲ, ಆ ಬಾಡಿಗೆ ಹಸಿರಿಗೇ ಕಡಿಮೆ.

"ದೊಡ್ಡಕ್ಸರ ನನಗೂ ಅಂದಾಜಾಯ್ತದೆ. ಕೆಳಗೆ ಇರುವೆ ಸಾಲಂಗೆ ಐತಲ್ಲ, ಅದ ಓದು."

ಓದಿದೆ. ಉಚಿತ ಮಾತು ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಮಾತ್ರ.

"ಆ ಹೊತ್ನಲ್ಲಿ ನನ್ನ ಮಗಳು ನನ್ನ ಪಕ್ಕದಲ್ಲೇ ಗೊರಕೆ ಹೊಡಿತಿರ್ತಾಳೆ. ಫೋನ್ ಮಾಡಿ 'ಮಗ್ಗಲು ಬದಲಾಯಿಸ್ಕೊಳ್ಳವ್ವ' ಅನ್ನಲಾ?"

ನನ್ನ ಮುಖ ಬಿಸಿಯಾಯಿತು. ಮೂರು ತಿಂಗಳಿಂದ ಎಷ್ಟೋ ಜನರಿಗೆ ಆ ಪ್ಲಾನ್ ಮಾರಿದ್ದೆ. ಒಬ್ಬರಿಗೂ ಆ ಸಾಲು ಓದಿ ಹೇಳಿರಲಿಲ್ಲ.

ಉಳಿದದ್ದು ಎರಡು. ಬಿಳಿಯದರಲ್ಲಿ ಅದೇ ಕಂಪನಿಯ ಯಾವ ನಂಬರಿಗಾದರೂ ಹಗಲೂ ರಾತ್ರಿ ಮಾತಾಡಬಹುದು. ನೇರಳೆಯದರಲ್ಲಿ ಮೊದಲೇ ಗುರುತಿಸಿ ಕೊಟ್ಟ ಒಂದೇ ಒಂದು ನಂಬರಿಗೆ. ಬಾಡಿಗೆ ಹೆಚ್ಚುಕಡಿಮೆ ಒಂದೇ. ಬಿಳಿಯದೇ ಒಳ್ಳೆಯದು ಎಂದೆ. ಅವರು ಎರಡೂ ಕರಪತ್ರಗಳನ್ನು ನನ್ನ ಕಡೆ ತಳ್ಳಿದರು.

"ಎರಡೂ ಕೊಡಿ. ಎರಡೊತ್ತು ನೋಡ್ತೀನಿ."

ಅಂಗಡಿ ಯಜಮಾನರು ದೇವರಾಜ್ ಗಲ್ಲಾದಿಂದಲೇ ನಕ್ಕರು. "ಅಕ್ಕ, ಇದು ಸಿಮ್ ಕಣಕ್ಕ, ಸೀಮೆಹಸ ಅಲ್ಲ."

ನಮ್ಮ ಕಡೆ ಹಾಲಿನ ಹಸು ಕೊಳ್ಳುವವರು ಮಾರುವವನ ಮಾತು ನಂಬುವುದಿಲ್ಲ. ಅವನ ಕೊಟ್ಟಿಗೆಯಲ್ಲೇ ಒಂದು ಸಂಜೆ, ಒಂದು ಬೆಳಗ್ಗೆ ತಾವೇ ಹಾಲು ಹಿಂಡಿ ನೋಡುತ್ತಾರೆ. ಶಿವಲಿಂಗಮ್ಮ ಕೇಳಿದ್ದು ಅದನ್ನೇ.

"ಸೀಮೆಹಸ ಆದ್ರೆ ಒದ್ದಾದ್ರೂ ಹೇಳ್ತದೆ, ಹಾಲಿಲ್ಲ ಹೋಗು ಅಂತ. ಇದು ಬಾಯ್ ಮುಚ್ಕಂಡು ಕಾಸು ತಿಂತದೆ" ಎಂದರು ಶಿವಲಿಂಗಮ್ಮ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ದೇವರಾಜ್ ಕೂಡ ಸೋತು, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸಿಮ್‌ಗಳಲ್ಲಿ ಬಣ್ಣಕ್ಕೆರಡರಂತೆ ನಾಲ್ಕನ್ನೂ ಎರಡು ಹಳೆಯ ಫೋನುಗಳನ್ನೂ ನನ್ನ ಕೈಗೆ ಕೊಟ್ಟರು. "ನೀನೇ ಹೋಗಿ ನೋಡಿಸ್ಕಂಡು ಬಾರಪ್ಪ. ಭಾನುವಾರ ರಜ ಅಂತ ತಿಳ್ಕೊ."

ಶನಿವಾರ ಸಂಜೆ ಹೋದೆ. ತಿಮ್ಮಯ್ಯ ಜಗಲಿಯ ಮೇಲೆ ಊನಗಾಲು ಚಾಚಿ ಕೂತಿದ್ದರು. ಒಂದು ಫೋನನ್ನು ಅವರ ಕೈಗಿಟ್ಟೆವು. ಅವರ ಪಕ್ಕದಲ್ಲಿ ನಿಂತ ದಿವ್ಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನಾನೂ ಶಿವಲಿಂಗಮ್ಮನವರೂ ಬಸ್ಸಿಳಿಯುವ ಜಾಗಕ್ಕೆ ನಡೆದೆವು. ಅಲ್ಲಿಂದ ಬಿಳಿ ಸಿಮ್ಮಿನಲ್ಲಿ ಕರೆ ಮಾಡಿ ಮಾತಾಡುತ್ತಾ ಹೊರಟೆವು. ಕರಪತ್ರದಲ್ಲಿ ಗೆದ್ದಿದ್ದ ಬಿಳಿ, ಬಂಡೆಯ ಮರೆಗೆ ಬಂದ ಕೂಡಲೇ ಸತ್ತಿತು. ಮನೆಗೆ ಹೋಗಿ ಎರಡೂ ಫೋನಿಗೆ ನೇರಳೆ ಹಾಕಿ, ಬಸ್ಸಿಳಿಯುವ ಜಾಗದಿಂದ ಮತ್ತೆ ನಡೆದೆವು. ಬಂಡೆ ಬಂತು. ಶಿವಲಿಂಗಮ್ಮ ಮಾತು ನಿಲ್ಲಿಸಲಿಲ್ಲ. ಬಂಡೆ ದಾಟಿತು, ಹುಣಸೆಮರ ದಾಟಿತು, ಹೊಸ್ತಿಲು ಬಂತು. ಕರೆ ಕಟ್ಟಾಗಲಿಲ್ಲ.

ದಿವ್ಯ ಅಮ್ಮನ ಕೈ ಹಿಡಿದುಕೊಂಡಳು. ತಿಮ್ಮಯ್ಯ ಮಾತ್ರ ಫೋನನ್ನು ಜಗಲಿಯ ಮೇಲಿಟ್ಟು, "ಒಂದೊತ್ತಿಗೆ ಹಸ ಕೊಂಡವರುಂಟಾ? ನಿನ್ನ ಮಾತೇ ಕಣಮ್ಮಿ, ಎರಡೊತ್ತು. ಬೆಳಗ್ಗೇನೂ ನೋಡುವ" ಎಂದರು.

ಆ ರಾತ್ರಿ ಅವರ ಮನೆಯಲ್ಲೇ ಮುದ್ದೆ ಉಂಡು ಮಲಗಿದೆ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ನೇರಳೆ ಸಿಮ್ಮಿನಲ್ಲೇ ಮತ್ತೆ ರಸ್ತೆಯಿಂದ ಹೊರಟೆವು. ಕೇಳಿಸುತ್ತಿದೆಯಾ ಎಂದು ಶಿವಲಿಂಗಮ್ಮ ಹೆಜ್ಜೆಹೆಜ್ಜೆಗೂ ಕೇಳುತ್ತಿದ್ದರು. ತಿಮ್ಮಯ್ಯ "ಹೂಂ" ಎನ್ನುತ್ತಿದ್ದರು. ಬಂಡೆಯ ಬಳಿ ಬಂದಾಗ ಉತ್ತರ ಬದಲಾಯಿತು.

"ಅಲೋ? ಅಲೋ? ಏನೂ ಕೇಳಿಸ್ತಿಲ್ಲ ಕಣಮ್ಮಿ. ಬರೀ ಗೊರಗೊರ ಅಂತದೆ. ಸೋತೋಯ್ತು ಬುಡು."

ಫೋನಿನ ಪರದೆ ನೋಡಿದೆ. ಸಿಗ್ನಲ್ಲಿನ ಗೆರೆಗಳು ಇದ್ದಲ್ಲೇ ಇದ್ದವು. ಅವರ ದನಿಯೂ ನಮಗೆ ಪಕ್ಕದಲ್ಲಿ ನಿಂತು ಮಾತಾಡಿದಷ್ಟು ಸ್ವಚ್ಛವಾಗಿತ್ತು. ಆದರೆ ಕೇಳಿಸುತ್ತಿಲ್ಲ ಎನ್ನುವವರಿಗೆ ಕೇಳಿಸುತ್ತಿದೆ ಎಂದು ತೋರಿಸುವುದು ಹೇಗೆ? ನನ್ನ ಬಿ.ಕಾಂ. ಅಲ್ಲಿ ನೆರವಿಗೆ ಬರಲಿಲ್ಲ. ಸೋಮವಾರಕ್ಕೆ ಉಳಿದಿದ್ದು ಒಂದೇ ದಿನ.

ಶಿವಲಿಂಗಮ್ಮ ಬಂಡೆಗೆ ಒರಗಿ ನಿಂತರು. ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಫೋನಿಗೆ ಬಾಯಿಟ್ಟು, ಗುಟ್ಟು ಹೇಳುವಷ್ಟು ಸಣ್ಣ ದನಿಯಲ್ಲಿ ನನಗೇ ಹೇಳುವವರಂತೆ ಹೇಳಿದರು:

"ಅಯ್ಯೋ, ಅಲ್ಲಿ ಬಸ್ಸಿಳಿದು ಬರ್ತಿರೋರು ನಮ್ಮ ದೊಡ್ಡಲಕ್ಷ್ಮಮ್ಮ ಅಲ್ವಾ? ನಮ್ಮನೆಯವರ ಅಕ್ಕ ಕಣಪ್ಪ. ಕೈಲಿ ಎರಡೆರಡು ಚೀಲ ಐತೆ."

"ಎರಡ್ ಚೀಲವಾ!" ಆ ಕಡೆಯಿಂದ ತಿಮ್ಮಯ್ಯ ಕೂಗಿದರು. "ಎಷ್ಟ್ ದಿನ ಇರ್ತಾಳಂತೆ? ನಾನು ಊರಲ್ಲಿಲ್ಲ ಅಂದ್ಬುಡಮ್ಮಿ!"

ದಾರಿಯಲ್ಲಿ ಯಾವ ದೊಡ್ಡಲಕ್ಷ್ಮಮ್ಮನೂ ಇರಲಿಲ್ಲ. ತಿಮ್ಮಯ್ಯನವರ ಹಿಂದೆ ದಿವ್ಯ ಬಿದ್ದು ಬಿದ್ದು ನಗುವುದು ಅದೇ ಫೋನಿನಲ್ಲಿ ನಮಗೆ ಕೇಳಿಸಿತು. ಶಿವಲಿಂಗಮ್ಮ ನಗುತ್ತಾ ನಡೆದರು, ಕಣ್ಣೊರೆಸಿಕೊಳ್ಳುತ್ತಾ ನಡೆದರು. ನಾವು ಮನೆ ಮುಟ್ಟುವವರೆಗೂ ತಿಮ್ಮಯ್ಯ ಆ ಕಡೆಯಿಂದ ಬೈಯುತ್ತಲೇ ಇದ್ದರು. ಒಂದು ಬೈಗುಳವೂ ನಡುವೆ ತುಂಡಾಗಲಿಲ್ಲ.

ಜಗಲಿ ಮುಟ್ಟಿದಾಗ ಅವರು ಫೋನನ್ನು ಮಗಳ ಕೈಗೆ ಕೊಟ್ಟರು. "ನಿಮ್ಮವ್ವ ಲಾಯರ್ ಆಗ್ಬೇಕಿತ್ತು. ಹೋಗವ್ವ, ಹುಷಾರಾಗಿ ಹೋಗ್ಬುಟ್ಟು ಬಾ."

ಎರಡು ನೇರಳೆ ಸಿಮ್‌ಗಳನ್ನು ದೇವರಾಜ್ ಅಂದೇ ಮಧ್ಯಾಹ್ನ ಅಂಗಡಿ ತೆಗೆದು ಚಾಲೂ ಮಾಡಿಸಿಕೊಟ್ಟರು. ಒಂದೇ ನಂಬರಿನ ಪ್ಲಾನ್ ಯಾರಿಗೆ ಬೇಕು ಎಂದು ಗಿರಾಕಿಗಳ ಮುಂದೆ ನಗಾಡುತ್ತಿದ್ದವನು ನಾನು. ಆ ಒಂದು ನಂಬರನ್ನು ನನ್ನ ಕೈಯಾರೆ ಅರ್ಜಿಯಲ್ಲಿ ಬರೆದೆ. ಸೋಮವಾರ ಸಂಜೆ ಏಳೂ ನಲವತ್ತೆರಡಕ್ಕೆ ನನ್ನ ಫೋನಿಗೆ ಒಂದು ಮಿಸ್ಡ್ ಕಾಲ್ ಬಂತು. ದಿವ್ಯ ಹೊಸ್ತಿಲು ತುಳಿದಳು ಎಂದು ಅದರ ಅರ್ಥ, ಹಾಗೆಂದು ಮೊದಲೇ ಮಾತಾಡಿಕೊಂಡಿದ್ದೆವು. ಅಂಗಡಿಯಲ್ಲಿ ನಾನೂ ದೇವರಾಜೂ ಕೈ ಕುಲುಕಿದೆವು.

ಆ ವರ್ಷ ದೀಪಾವಳಿಯ ಹೊತ್ತಿಗೆ ಅದೇ ಕಾಲುದಾರಿಯಲ್ಲಿ ಬಿಡದಿಗೆ ಹೋಗಿಬರುವ ಹುಡುಗಿಯರು ಏಳು ಜನ ಆದರು. ಒಬ್ಬೊಬ್ಬರ ಮನೆಯವರೂ ಮೊದಲು ಬಂದು ಕೇಳಿದ್ದು ಶಿವಲಿಂಗಮ್ಮನವರನ್ನು. ನಾನು ಅಂದಿನಿಂದ ಯಾವ ಪ್ಲಾನನ್ನಾದರೂ ಕೆಳಗಿನ ಸಣ್ಣ ಅಕ್ಷರದಿಂದ ಓದಲು ಶುರುಮಾಡುತ್ತೇನೆ.

ಇದಾಗಿ ಎರಡು ವರ್ಷ ಕಳೆದಿದೆ. ದಿವ್ಯ ಈಗ ಅದೇ ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುತ್ತಾಳೆ. ಶಿವಲಿಂಗಮ್ಮ ರೇಷ್ಮೆ ಹುಳು ಸಾಕುವುದರ ಜೊತೆಗೆ ಮನೆಯ ಜಗಲಿಯಲ್ಲಿ ಮೂರೂ ಬಣ್ಣದ ಸಿಮ್ ಮತ್ತು ರೀಚಾರ್ಜ್ ಕಾರ್ಡ್ ಮಾರುತ್ತಾರೆ. ಕೊಳ್ಳಲು ಬಂದವರನ್ನು ಮೊದಲು ಬಂಡೆಯವರೆಗೆ ನಡೆಸಿ ಮಾತಾಡಿಸಿ ನೋಡುತ್ತಾರೆ, ಸಂಜೆ ಒಂದು ಸಲ, ಬೆಳಗ್ಗೆ ಒಂದು ಸಲ.