ಕಡಲ ಮೇಲಿರುವವರಿಗೆ ಒಂದು ಪರಲೋಕ ಮಂತ್ರ

ಮೊನ್ನೆ ನನ್ನ ಮೊಣಕಾಲು ಒತ್ತಿ ನೋಡಿದ ಡಾಕ್ಟರು, "ಚಿಕ್ಕಂದಿನಲ್ಲಿ ಎಲ್ಲಾದರೂ ಬಿದ್ದಿದ್ರಾ?" ಎಂದು ಕೇಳಿದರು. ಬಿದ್ದದ್ದಲ್ಲ ಮಾರಾಯ್ರೇ, ಊರಿದ್ದು! ಮದುವೆಯಾಗಿ ಹೋಗುವವರೆಗೆ ದಿನಾ ಸಂಜೆ ಏಳು ಗಂಟೆಗೆ, ಕಾವಿ ಬಳಿದ ನೆಲದ ಮೇಲೆ, ಕೆಳಗೆ ಒಂದು ಗೋಣಿತಾಟೂ ಇಲ್ಲದೆ. ಮೆತ್ತಗಿನ ಜಾಗದಲ್ಲಿ ಹೇಳಿದ ಪ್ರಾರ್ಥನೆ ಮಾಡಿನ ಹಂಚು ದಾಟಿ ಮೇಲೆ ಹೋಗುವುದಿಲ್ಲ ಎಂದು ನನ್ನ ಅಜ್ಜಿಯ ಗಟ್ಟಿ ನಂಬಿಕೆ. ಡಾಕ್ಟರಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಮನೆ ಮಂಗಳೂರಿನ ಬಂದರಿನಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿತ್ತು. ಜಗಲಿಯಲ್ಲಿ ನಿಂತರೆ ಅಂಗಡಿಗಳ ಮಾಡಿನಾಚೆ ಮಂಜಿಗಳ ಕಂಬಗಳು ಕಾಣುತ್ತಿದ್ದವು. ಮಂಜಿ ಎಂದರೆ ಹಾಯಿ ಕಟ್ಟಿ ಹಂಚು ಹೇರಿಕೊಂಡು ಬೊಂಬಾಯಿವರೆಗೆ ಹೋಗುವ ಮರದ ದೊಡ್ಡ ದೋಣಿ. ಅಪ್ಪ ಶಾಲೆಯ ಮಾಸ್ಟ್ರು. ಅಮ್ಮ, ಅಜ್ಜಿ, ನಾನು, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವನಾದ ಅಣ್ಣ. ಇಷ್ಟೇ ಸಂಸಾರ. ಅಣ್ಣ ಆಗಲೇ ಬೊಂಬಾಯಿಗೆ ಹೋಗಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಮನೆಯ ಮಾತು ಕೊಂಕಣಿ, ಬಂದರಿಗೆ ಇಳಿದರೆ ತುಳು, ಬ್ಯಾರಿ, ಶಾಲೆಯಲ್ಲಿ ಕನ್ನಡ. ಕೋಪ ಬಂದರೆ ಅಜ್ಜಿಗೆ ನಾಲ್ಕೂ ಸಾಲುತ್ತಿರಲಿಲ್ಲ.

ಇಗರ್ಜಿಯ ಸಂಜೆಯ ಗಂಟೆ ಬಾರಿಸಿದ ಕೂಡಲೇ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆ ಸುರು. ನಾವು ಅದನ್ನು ತೇರ್ಸು ಎನ್ನುತ್ತಿದ್ದೆವು. ಅಪ್ಪ ನಡೆಸುವುದು, ನಾವು ಉತ್ತರ ಕೊಡುವುದು. ಅದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಬರುವುದು ಅಜ್ಜಿಯ ಬಾಲ! ಒಬ್ಬೊಬ್ಬರಿಗೆ ಒಂದೊಂದು ಪರಲೋಕ ಮಂತ್ರ, ಎಂದರೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ. ಕಾಯಿಲೆಯವರಿಗೆ ಒಂದು, ಪರವೂರಿನಲ್ಲಿರುವವರಿಗೆ ಒಂದು, ಕಡಲ ಮೇಲಿರುವವರಿಗೆ ಒಂದು, ಹೆರಿಗೆಯ ದಿನ ಹತ್ತಿರವಾದವರಿಗೆ ಒಂದು, ತೀರಿಹೋದ ಅಜ್ಜನಿಗೆ ಒಂದು, ತನಗಾಗಿ ಪ್ರಾರ್ಥಿಸಲು ಯಾರೂ ಇಲ್ಲದ ಆತ್ಮಕ್ಕೆ ಒಂದು. ಈ ಪಟ್ಟಿಗೆ ಸೇರಿದವರುಂಟು, ಬಿಟ್ಟು ಹೋದವರಿಲ್ಲ. ಕೂಳೂರಿನ ಹೊಳೆಯನ್ನು ದೋಣಿಯಲ್ಲಿ ದಾಟುವವರಿಗೆಂದೇ ಒಂದಿತ್ತು. ಅಲ್ಲಿ ಸೇತುವೆಯಾದ ಮೇಲೂ ಅದು ನಿಲ್ಲಲಿಲ್ಲ. "ಸೇತುವೆ ಬಂತಲ್ಲ ಅಮ್ಮಾ, ಇನ್ನು ಅದು ಎಂತಕ್ಕೆ?" ಎಂದು ಅಪ್ಪ ಕೇಳಿದ್ದಕ್ಕೆ, "ಕಟ್ಟಿದ್ದು ಇಂಜಿನಿಯರು. ಅವನು ಕಟ್ಟುವಾಗ ಪ್ರಾರ್ಥನೆ ಮಾಡಿದ್ದಾನಾ ಅಂತ ನಿನಗೆ ಗೊತ್ತುಂಟಾ?" ಎಂದಳು.

ನೆರೆಮನೆಯ ಬ್ಯಾರಿ ಸಾಹುಕಾರರು ಆಗಾಗ ಅಪ್ಪನಲ್ಲಿ ಕಾಗದ ಬರೆಸಲು ಬಂದು ಜಗಲಿಯಲ್ಲಿ ಕಾಯುತ್ತಿದ್ದರು. ಅವರದೂ ಒಂದು ಮಂಜಿ ಇತ್ತು. ಒಮ್ಮೆ ಕಾದು ಸಾಕಾಗಿ, "ನಿಮ್ಮ ತೇರ್ಸು ಮುಗಿಯುವಷ್ಟರಲ್ಲಿ ನನ್ನ ಮಂಜಿ ಗೋವಾ ಮುಟ್ಟುತ್ತದೆ ಮಾಸ್ಟ್ರೇ" ಎಂದರು. ಅಜ್ಜಿ ಒಳಗಿನಿಂದಲೇ, "ಮುಟ್ಟುವುದು ಹೇಗೆ ಅಂತ ಮಾಡಿದ್ದೀರಿ? ಕಡಲ ಮೇಲಿರುವವರಿಗೆ ಹೇಳುವಾಗ ನಿಮ್ಮ ಮಂಜಿಯೂ ಅದರಲ್ಲಿ ಉಂಟು. ಸುಮ್ಮನೆ ಕೂತ್ಕೊಳ್ಳಿ" ಎಂದಳು. ಆ ದಿನದಿಂದ ಸಾಹುಕಾರರು ಬಾಲ ಮುಗಿಯುವವರೆಗೆ ಕೆಮ್ಮಲೂ ಇಲ್ಲ.

ನನಗೆ ಹನ್ನೊಂದು ವರ್ಷವಾದ ಮಳೆಗಾಲದಲ್ಲಿ ಅಜ್ಜಿಯ ದಮ್ಮು ಜೋರಾಯಿತು. ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರಿಲ್ಲ. ಗೋಡೆಯ ಬದಿಯ ಬೆಂಚಿನಲ್ಲಿ ಮಲಗಿಯೇ ತೇರ್ಸು ಕೇಳುತ್ತಿದ್ದಳು. ಒಂದು ಸಂಜೆ ನನ್ನನ್ನು ಹತ್ತಿರ ಕರೆದು, "ಇನ್ನು ಬಾಲ ನಿನ್ನದು" ಎಂದಳು. ಅಬ್ಬಾ, ನನ್ನ ಜಂಬವೇ! ಅಪ್ಪನ ನಂತರ ಮನೆಯಲ್ಲಿ ಪ್ರಾರ್ಥನೆ ನಡೆಸುವವಳು ನಾನು. ಮೊದಲ ವಾರ ಪಾದ್ರಿಗಳ ಹಾಗೆ ಸ್ವರ ಎಳೆದೆಳೆದು ಹೇಳಿದೆ.

ಎರಡನೇ ವಾರ ಮೊಣಕಾಲು ಮಾತಾಡಲು ಸುರು ಮಾಡಿತು. ನಾನು ಹುಟ್ಟಾ ಅವಸರದವಳು, ಈಗಲೂ ಹಾಗೆಯೇ. ಒಳಗೆ ಬಂಗುಡೆ ಸಾರಿನ ಪರಿಮಳ ಬರುತ್ತಿದೆ, ಇಲ್ಲಿ ನಾನು ಕೂಳೂರಿನ ಹೊಳೆ ದಾಟಿಸುತ್ತಾ ಇದ್ದೇನೆ. ಯಾವುದನ್ನು ಬಿಡಬಹುದು ಎಂದು ಯೋಚಿಸಿದೆ. ಅಜ್ಜನನ್ನು ಬಿಡುವ ಹಾಗಿಲ್ಲ, ಕಾಯಿಲೆಯವರಲ್ಲಿ ಅಜ್ಜಿಯೇ ಇದ್ದಾಳೆ. ಆದರೆ ಕಡಲು? ಮಳೆಗಾಲ! ಮಂಜಿಗಳನ್ನೆಲ್ಲ ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸಿ ಮಲಗಿಸಿದ್ದರು. ಕಡಲ ಮೇಲೆ ಯಾರುಂಟು? ಯಾರೂ ಇಲ್ಲದವರಿಗೆ ಪ್ರಾರ್ಥನೆ ಮಾಡಿ ದೇವರಿಗೆ ಸುಮ್ಮನೆ ಕೆಲಸ ಕೊಡುವುದು ಯಾಕೆ? ಆ ಸಂಜೆ ಪರವೂರಿನಿಂದ ನೇರ ಹೆರಿಗೆಗೆ ಹಾರಿದೆ.

ಏನೂ ಆಗಲಿಲ್ಲ. ಅಪ್ಪ ಊರಿದ ಕಾಲಲ್ಲೇ ತೂಕಡಿಸುತ್ತಿದ್ದರು. ಬಾಲ ಸುರುವಾದರೆ ಅಮ್ಮ ಅಡುಗೆಮನೆಗೆ ಜಾರುವುದು ಮೊದಲಿನಿಂದಲೂ ಇದ್ದದ್ದೇ. ಅಜ್ಜಿ ಕಣ್ಣು ಮುಚ್ಚಿ ಏದುಸಿರು ಬಿಡುತ್ತಿದ್ದಳು. ಮರುದಿನವೂ ಬಿಟ್ಟೆ, ಅದರ ಮರುದಿನವೂ ಬಿಟ್ಟೆ.

ಆಗಸ್ಟಿನಲ್ಲಿ ಅಣ್ಣನ ಕಾಗದ ಬಂತು. ಹೋಟೆಲಿನ ಕೆಲಸ ಬಿಟ್ಟಿದ್ದೇನೆ, ಒಂದು ಸಾಮಾನಿನ ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಈ ಕಾಗದ ಸಿಗುವಾಗ ನಾನು ಕಡಲಲ್ಲಿರುತ್ತೇನೆ, ಅಮ್ಮನಿಗೆ ಬೇಸರ ಮಾಡಬೇಡ ಎಂದು ಹೇಳಿ ಅಪ್ಪಾ. ಇಷ್ಟೇ. ಅಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು. "ಒಂದು ಮಾತು ಕೇಳಬಾರದಿತ್ತಾ ಇವನಿಗೆ? ಈಜಲೂ ಬಾರದ ಹುಡುಗ!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಬೆಂಚಿನಿಂದ, "ಹೆದರಬೇಡ. ಕಡಲ ಮೇಲಿರುವವರಿಗೆ ಈ ಮನೆಯಲ್ಲಿ ದಿನಾ ಪ್ರಾರ್ಥನೆ ಆಗ್ತದಲ್ಲ" ಎಂದಳು. ಹಾಗೆಂದು ನನ್ನ ಕಡೆಗೆ ನೋಡಿದಳು. ನಾನು ಕೆಳಗೆ ಬಿದ್ದ ಲಕೋಟೆ ಹೆಕ್ಕುವ ನೆವದಲ್ಲಿ ತಲೆ ತಗ್ಗಿಸಿದೆ.

ಅದೇ ಸಂಜೆ ಪುನಃ ಸುರು ಮಾಡಿದ್ದರೆ ಮುಗಿದಿತ್ತು. ಆದರೆ ಒಮ್ಮೆಲೇ ಸುರು ಮಾಡಿದರೆ ಇಷ್ಟು ದಿನ ಇರಲಿಲ್ಲ ಎಂದು ಎಲ್ಲರಿಗೂ ಗೊತ್ತಾಗುವುದಿಲ್ಲವೇ? ಆ ಜಾಗ ಬಂದಾಗ ಬಾಯಿ ತೆರೆಯುತ್ತಿದ್ದೆ, ಸ್ವರ ಹೊರಡುತ್ತಿರಲಿಲ್ಲ. ನಾಳೆ ನೋಡುವ ಎಂದುಕೊಳ್ಳುತ್ತಿದ್ದೆ. ಹೇಗೂ ಅಣ್ಣ 'ಪರವೂರಿನಲ್ಲಿರುವವರ' ಪಟ್ಟಿಯಲ್ಲಿ ಇದ್ದಾನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೆಪ್ಟೆಂಬರಿನಲ್ಲಿ ಕಾಗದ ಇಲ್ಲ. ಕನ್ಯಾಮರಿಯಮ್ಮನ ಹುಟ್ಟುಹಬ್ಬಕ್ಕೆ ಇಗರ್ಜಿಯಿಂದ ಹೊಸ ತೆನೆ ತಂದು, ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಕುಡಿದೆವು. ಅಣ್ಣನ ಪಾಲಿನದು ಲೋಟದಲ್ಲಿ ಹಾಗೆಯೇ ಉಳಿಯಿತು. ಅಕ್ಟೋಬರಿನಲ್ಲೂ ಇಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪ ದಿನಾ ಅಂಚೆ ಕಚೇರಿಗೆ ಹೋಗಿ ಬರುತ್ತಿದ್ದರು. ಬರುವಾಗ ಅವರ ಚಪ್ಪಲಿಯ ಸದ್ದಿನಲ್ಲೇ ಅಮ್ಮನಿಗೆ ಉತ್ತರ ಗೊತ್ತಾಗುತ್ತಿತ್ತು. ಅವಳು ಏನೂ ಕೇಳದೆ ಕಾಪಿ ತಂದಿಡುತ್ತಿದ್ದಳು.

ನನ್ನ ತಲೆಯೊಳಗೆ ನಡೆಯುತ್ತಿದ್ದದ್ದನ್ನು ಈಗ ಹೇಳಿದರೆ ನಗು ಬರುತ್ತದೆ, ಆಗ ನಗು ಬರುತ್ತಿರಲಿಲ್ಲ. ದೇವರನ್ನು ನಾನು ನಮ್ಮ ಲೆಕ್ಕದ ಟೀಚರಂತೆ ಊಹಿಸಿಕೊಂಡಿದ್ದೆ. ಪುಸ್ತಕದಲ್ಲಿ ಹೆಸರು ಎಲ್ಲಿ ಉಂಟೋ ಅಲ್ಲಿಯೇ ಹುಡುಕುವವನು. ನಾನು ಅಣ್ಣನನ್ನು ಪರವೂರಿನಲ್ಲಿ ಬರೆಸಿದ್ದೇನೆ. ಪಾಪ, ದೇವರು ಬೊಂಬಾಯಿಯ ಗಲ್ಲಿ ಗಲ್ಲಿ ಹುಡುಕುತ್ತಿದ್ದಾನೆ. ಅಣ್ಣ ಮಾತ್ರ ಕಡಲಲ್ಲಿ, ಯಾರ ಕಣ್ಣಿಗೂ ಬೀಳದೆ, ಈಜು ಬಾರದೆ! ಊಟ ಸೇರಲಿಲ್ಲ. ಕ್ಲಾಸಿನಲ್ಲಿ ಮೊದಲಿದ್ದವಳು ಹನ್ನೆರಡನೆಯವಳಾದೆ.

ನವೆಂಬರಿನ ಒಂದು ಶನಿವಾರ ತಡೆಯಲಾಗದೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಮುದಿ ಪಾದ್ರಿಗಳು. ನಾನು ಮೊಣಕಾಲೂರಿದವಳೇ, "ಫಾದರ್, ನಾನು ನನ್ನ ಅಣ್ಣನನ್ನು ಕೊಂದೆ" ಎಂದೆ.

ಜಾಲರಿಯ ಆಚೆ ಕುರ್ಚಿ ಕಿರ್ರೆಂದಿತು. "ಯಾವಾಗ?"

"ಮಳೆಗಾಲದಲ್ಲಿ."

"ಹೇಗೆ ಮಗಾ?"

ಅಳುತ್ತಾ ಎಲ್ಲ ಹೇಳಿದೆ. ಪಾದ್ರಿಗಳು ನಗು ತಡೆಯಲೋ ಏನೋ, ಎರಡು ಸಲ ಕೆಮ್ಮಿದರು. ಆಮೇಲೆ ಮೆತ್ತಗೆ ಹೇಳಿದರು: "ನೀನು ಪಟ್ಟಿ ಓದುವ ಮೊದಲೇ ದೇವರಿಗೆ ನಿನ್ನ ಅಣ್ಣ ಎಲ್ಲಿದ್ದಾನೆ ಅಂತ ಗೊತ್ತುಂಟು. ಪ್ರಾರ್ಥನೆ ಅವನಿಗೆ ವಿಳಾಸ ಕೊಡಲಿಕ್ಕಲ್ಲ. ಇವತ್ತು ಸಂಜೆ ಕಡಲ ಮೇಲಿರುವವರಿಗೆ ಜೋರಾಗಿ ಹೇಳು. ಮನೆಯವರಿಗೂ ನಿಜ ಹೇಳಿಬಿಡು. ಹಗುರಾಗ್ತದೆ."

ಮೊದಲನೆಯದನ್ನು ಮಾಡಿದೆ. ಆ ಸಂಜೆ ಕಣ್ಣು ಮುಚ್ಚಿ, "ಕಡಲ ಮೇಲಿರುವವರಿಗೆ" ಎಂದೆ. ಸ್ವರ ಒಡೆಯಿತು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು, ಅಪ್ಪನ ತೂಕಡಿಕೆಯೂ ನಿಂತಿತು. ಅಮ್ಮ ಹೊರಗೆ ಬಂದು ನನ್ನ ಪಕ್ಕ ಮೊಣಕಾಲೂರಿದಳು. ಅಂದಿನಿಂದ ಅವಳು ಬಾಲ ಮುಗಿಯುವವರೆಗೆ ಎದ್ದು ಹೋದದ್ದಿಲ್ಲ. ಯಾರೂ ಏನೂ ಕೇಳಲಿಲ್ಲ. ನಿಜ ಹೇಳುವ ಎರಡನೇ ಕೆಲಸಕ್ಕೆ ಮಾತ್ರ ನನಗೆ ಧೈರ್ಯ ಬರಲಿಲ್ಲ.

ಮರುದಿನವೇ ಕಾಗದ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಮತ್ತೂ ಮೂರು ವಾರ ಬರಲಿಲ್ಲ. ಡಿಸೆಂಬರು ಹತ್ತಿರವಾಯಿತು. ನೆರೆಕರೆಯ ಮನೆಗಳಲ್ಲಿ ಕ್ರಿಸ್ಮಸ್ಸಿನ ತಿಂಡಿಗೆ ಅಕ್ಕಿ ನೆನೆಹಾಕುವ, ಬೆಲ್ಲ ಕಾಯಿಸುವ ಗಡಿಬಿಡಿ. ಅಮ್ಮ ಮಾತ್ರ, "ಈ ವರ್ಷ ನಮ್ಮಲ್ಲಿ ಬೇಡ" ಎಂದಳು. ನನ್ನಿಂದಾಗಿ ಯೇಸುಬಾಲನಿಗೂ ಈ ಮನೆಯಲ್ಲಿ ಹಬ್ಬವಿಲ್ಲ ಎಂದು ನಾನು ಬಾವಿಕಟ್ಟೆಯ ಹಿಂದೆ ಕೂತು ಅತ್ತೆ. ಆದರೂ ಸಂಜೆಯ ಮಂತ್ರ ಬಿಡಲಿಲ್ಲ. ವಿಚಿತ್ರವೆಂದರೆ, ಏನೂ ಸಿಗದೆಯೂ ಅದನ್ನು ಹೇಳುವಾಗ ನನಗೆ ಮೊದಲ ಸಲ ಮೊಣಕಾಲಿನ ನೆನಪಾಗುತ್ತಿರಲಿಲ್ಲ. ಕತ್ತಲಲ್ಲಿ ಯಾರದೋ ಕೈ ಹಿಡಿದು ನಡೆದ ಹಾಗೆ ಇತ್ತು ಅದು.

ಒಂದು ಆದಿತ್ಯವಾರ ಪೂಜೆ ಮುಗಿಸಿ ಬಂದು ಕಾಪಿ ಕುಡಿಯುತ್ತಿದ್ದೆವು. ಮೆಟ್ಟಿಲಲ್ಲಿ ಧಡಧಡ ಸದ್ದು. ನೋಡಿದರೆ ಬ್ಯಾರಿ ಸಾಹುಕಾರರು! ಆ ಭಾರದ ದೇಹ ಓಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. "ಮಾಸ್ಟ್ರೇ! ಹುಡುಗ ಉಂಟು! ಬೊಂಬಾಯಿಯಲ್ಲಿ ಉಂಟು!" ಎಂದು ಕೂಗುತ್ತಲೇ ಬಂದರು. ಹಿಂದೆ ಅವರ ಮಂಜಿಯನ್ನು ನಡೆಸುವ ತಂಡೇಲ, ಕೈಯಲ್ಲಿ ಮಡಚಿದ ಕಾಗದ.

ಅಪ್ಪ ಕನ್ನಡಕ ಹುಡುಕಲು ಸುರು ಮಾಡಿದರು. ಅಮ್ಮನೇ ಕಾಗದ ಕಸಿದು ಓದಿದಳು. ಅಣ್ಣನಿಗೆ ಹಡಗಿನಲ್ಲಿ ವಿಷಮಜ್ವರ ಬಂದು ಏಡನ್ ಬಂದರಿನ ಆಸ್ಪತ್ರೆಯಲ್ಲಿ ಇಳಿಸಿದ್ದರಂತೆ. ಎರಡು ತಿಂಗಳು ಪೆನ್ನು ಹಿಡಿಯುವ ಶಕ್ತಿ ಇರಲಿಲ್ಲವಂತೆ. ಬೇರೆ ಹಡಗಿನಲ್ಲಿ ಬೊಂಬಾಯಿಗೆ ಮರಳಿದವನು ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಸಾಹುಕಾರರ ಮಂಜಿ ಕಂಡು ಓಡಿ ಬಂದನಂತೆ. ಸ್ವಲ್ಪ ಚೇತರಿಸಿಕೊಂಡು ಹಬ್ಬಕ್ಕೆ ಬರುತ್ತಾನಂತೆ.

"ಹೇಗಿದ್ದಾನೆ? ನೀವು ಕಣ್ಣಾರೆ ಕಂಡದ್ದಾ?" ಎಂದು ಅಮ್ಮ ತಂಡೇಲನನ್ನು ಕೇಳಿದಳು.

"ಕಂಡದ್ದೇ ಅಮ್ಮಾ. ಮೀಸೆ ಬಂದಿದೆ, ಹೊಟ್ಟೆ ಬೆನ್ನಿಗೆ ಅಂಟಿದೆ. ನಮ್ಮ ಮಂಜಿಯಲ್ಲಿ ಕೂತು ಮೂರು ಬಟ್ಟಲು ಗಂಜಿ ಕುಡಿದ. ನಾಲ್ಕನೆಯದಕ್ಕೆ ನಾನೇ ಬೇಡ ಹೇಳಿದೆ."

ಅಮ್ಮ ನಕ್ಕಳು, ಅತ್ತಳು, ಪುನಃ ನಕ್ಕಳು. ಅಪ್ಪ ಸಾಹುಕಾರರನ್ನು ತಬ್ಬಿಕೊಂಡೇ ಬಿಟ್ಟರು, ಅವರ ಟೊಪ್ಪಿ ಕೆಳಗೆ ಬಿತ್ತು. ಅಜ್ಜಿ ಬೆಂಚಿನಲ್ಲಿ ಎದ್ದು ಕೂತು, "ಎಂತ ನೋಡ್ತಾ ನಿಂತಿದ್ದೀ, ಅಕ್ಕಿ ನೆನೆಹಾಕು! ಬೆಲ್ಲ ಎಲ್ಲುಂಟು?" ಎಂದು ಅಮ್ಮನಿಗೆ ಜೋರು ಮಾಡಿದಳು. ಸಾಹುಕಾರರು ಟೊಪ್ಪಿ ಕೊಡವಿ ಇಟ್ಟುಕೊಂಡು, ತೆಂಗಿನಕಾಯಿ ಎಷ್ಟು ಬೇಕಾದರೂ ನನ್ನ ಮನೆಯಿಂದ ಎಂದು ಘೋಷಿಸಿದರು. ಆ ಮನೆಯಲ್ಲಿ ಅಷ್ಟು ಸಂತೋಷ ನಾನು ಕಂಡೇ ಇರಲಿಲ್ಲ.

ಆ ಸಂತೋಷದ ನಡುವೆ ನಾನು ಹೋ ಎಂದು ಅತ್ತೆ. ಎಲ್ಲರೂ ತಿರುಗಿ ನೋಡಿದರು. "ನಾನು ಮಳೆಗಾಲದಿಂದ ನವೆಂಬರಿನವರೆಗೆ ಕಡಲಿನದ್ದು ಹೇಳಿಯೇ ಇರಲಿಲ್ಲ. ಅಣ್ಣ ಹಡಗು ಹತ್ತಿದ ಮೇಲೂ ಹೇಳಲಿಲ್ಲ. ನಾನು ಬಿಟ್ಟದ್ದಕ್ಕೇ ಅವನಿಗೆ ಜ್ವರ ಬಂದದ್ದು!" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅಪ್ಪ, "ಎಂತ ಹೇಳ್ತಿದ್ದೀ ಮಾರಾಯ್ತಿ?" ಎಂದರು. ಅಮ್ಮನಿಗೆ ಅರ್ಥವೇ ಆಗಲಿಲ್ಲ.

ಅಜ್ಜಿಗೆ ಮಾತ್ರ ನಗು. ದಮ್ಮು ಏರುವಷ್ಟು ನಕ್ಕಳು. ಆಮೇಲೆ ನನ್ನ ಜಡೆ ಹಿಡಿದು ಬೆಂಚಿಗೆ ಎಳೆದುಕೊಂಡಳು. "ನಲ್ವತ್ತು ವರ್ಷ ಹೇಳಿದವಳು ನಾನು. ಒಂದು ಕಡಿಮೆಯಾದರೆ ನನಗೆ ಗೊತ್ತಾಗುವುದಿಲ್ಲವಾ? ನೀನು ಬಿಟ್ಟ ಮೊದಲ ದಿನವೇ ಗೊತ್ತು. ನೀವೆಲ್ಲ ಊಟಕ್ಕೆ ಎದ್ದ ಮೇಲೆ ಇಲ್ಲಿ ಮಲಗಿಯೇ ನಾನು ಹೇಳ್ತಿದ್ದೆ."

"ಮತ್ತೆ ನನಗೆ ಯಾಕೆ ಬೈಯಲಿಲ್ಲ?"

"ಬೈದಿದ್ದರೆ ನೀನು ನನಗೆ ಹೆದರಿ ಹೇಳ್ತಿದ್ದಿ. ಅದು ಅಣ್ಣನಿಗೆ ಹೇಳಿದ ಹಾಗೆ ಆಗ್ತದಾ? ನಿನಗೇ ಹೇಳಬೇಕು ಅಂತ ಆಗಲಿ ಅಂತ ಕಾದೆ. ದಿನಾ ಎರಡು ಹೇಳ್ತಿದ್ದೆ."

"ಎರಡು ಯಾಕೆ?"

ಅಜ್ಜಿ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದಳು. "ಒಂದು ಅವನಿಗೆ, ಒಂದು ನಿನಗೆ. ಅವನಿಗಾದರೂ ಕಾಲಡಿಗೆ ಒಂದು ಹಡಗು ಇತ್ತು ಮಗಾ."